ಆರಿಸಿಕೊಂಡ ಕಾಯಕ

ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗ ಹುಮನಾಬಾದಿನಿಂದ ಬೇಮಳಖೇಡದ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಹುಡುಗರು ಹೇಗಿರುತ್ತಾರೋ ಹಾಗೆಯೇ ಇದ್ದ. ಎಂದರೆ, ಫಲಿತಾಂಶ ಬರುವವರೆಗೆ ಈ ಲೋಕಕ್ಕೂ ತನಗೂ ಯಾವ ವ್ಯವಹಾರವೂ ಇಲ್ಲವೆಂಬ ನಿಶ್ಚಿಂತೆಯಲ್ಲಿದ್ದ. ಒಂದು ಮಧ್ಯಾಹ್ನ, ಹೊರಗೆ ಕಾಲಿಡಲಾಗದಂಥ ಬಿಸಿಲು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಮಾಮಾ, ನಾ ಏನ್ ಆಗ್ಲಿ?"

ಸೋದರಮಾವನಾದವನಿಗೆ, ಅದರಲ್ಲಿಯೂ ಕಾಲೇಜಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ, ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೊಂದಿಲ್ಲ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡು, ಜೀವನದ ಧ್ಯೇಯ ಎಂಬಲ್ಲಿಂದ ಆರಂಭಿಸಬೇಕೆನ್ನುವಷ್ಟರಲ್ಲಿ ಅವನು ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಅಲ್ಲಿ ಯೋಧ, ಬೇಟೆಗಾರ, ಮಾಂತ್ರಿಕ, ಪುರೋಹಿತ, ಠಕ್ಕ ಎಂದು ಚಿತ್ರಗಳು ಸಾಲಾಗಿ ನಿಂತಿದ್ದವು. ಕೇಳಿದ್ದು ಆಟದ ಮಾತು. ನಾನು ಕನ್ನಡಕವನ್ನು ಮತ್ತೆ ಹಾಕಿಕೊಂಡೆ.

ಆ ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಅಮೆರಿಕದಲ್ಲಿ ಹೊರಬಂದದ್ದು. ಬೇರೆ ಬೇರೆ ದೇಶಗಳ ಜನ ಏಕಕಾಲದಲ್ಲಿ ಸೇರಿ ಆಡುವಂಥದು. ಇಪ್ಪತ್ತನೆಯ ಮಟ್ಟದವರೆಗೆ ಪುಕ್ಕಟೆ, ಆಮೇಲೆ ತಿಂಗಳು ತಿಂಗಳು ಹಣ. ನಮ್ಮ ಹುಡುಗ ಪುಕ್ಕಟೆಯ ಗಿರಾಕಿ. ಅದರ ಕಟ್ಟಳೆಗಳನ್ನು ಅವನು ನನಗೆ ತಿಳಿಯ ಹೇಳಿದ; ಶಿಷ್ಯನಾಗಿ ನಾನು ಅಷ್ಟೇನೂ ಜಾಣನಲ್ಲ, ಆದರೂ ಸಾರಾಂಶ ತಿಳಿಯಿತು. ಹೊಸದಾಗಿ ಆಡಲು ಬಂದವನು ಮೊದಲು ತನ್ನ ಕುಲವನ್ನು ಆರಿಸಿಕೊಳ್ಳಬೇಕು: ಮನುಷ್ಯನೋ, ಕುಳ್ಳನೋ, ಇನ್ನೊಂದೋ. ಆಮೇಲೆ ಕ್ಲಾಸ್, ಎಂದರೆ ಯೋಧ, ಪುರೋಹಿತ ಮೊದಲಾದ ವರ್ಗ. ಕೆಲವು ಕುಲದವರಿಗೆ ಕೆಲವು ವರ್ಗಗಳು ನಿಷಿದ್ಧ. ಒಮ್ಮೆ ಆರಿಸಿದ ವರ್ಗವನ್ನು ಬದಲಾಯಿಸಲು ಬರುವುದಿಲ್ಲ. ಬೇಡವಾದರೆ ಆ ಪಾತ್ರವನ್ನೇ ಬಿಟ್ಟು ಬೇರೊಂದು ಜನ್ಮ ಎತ್ತಬೇಕು. ಇಷ್ಟಾದ ಮೇಲೆ ಪ್ರೊಫೆಷನ್, ಎಂದರೆ ಕಸುಬು. ಗಣಿ ಅಗೆಯುವುದು, ಗಿಡಮೂಲಿಕೆ ಕೀಳುವುದು, ಕಮ್ಮಾರಿಕೆ, ಹೊಲಿಗೆ, ಚರ್ಮ ಸುಲಿಯುವುದು, ಚರ್ಮದ ಕೆಲಸ ಇತ್ಯಾದಿ. ಇವುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಬಹುದು. ಆದರೆ ಕಸುಬನ್ನು ಯಾವಾಗ ಬೇಕಾದರೂ ಬಿಡಬಹುದು. ಅದುವರೆಗೆ ಗಳಿಸಿದ ನೈಪುಣ್ಯ ಮಣ್ಣುಪಾಲಾಗುತ್ತದೆ, ಅಷ್ಟೆ. ಅಡಿಗೆ ಮಾಡುವುದು ಮತ್ತು ಮೀನು ಹಿಡಿಯುವುದು ಈ ಎರಡರ ಲೆಕ್ಕಕ್ಕೆ ಬರುವುದಿಲ್ಲ, ಯಾರು ಬೇಕಾದರೂ ಕಲಿಯಬಹುದು. ಇದನ್ನು ಕೇಳಿದ ನನ್ನ ಹೆಂಡತಿ ಒಳಗಿನಿಂದಲೇ, "ಅಡಿಗಿ ಅಲ್ಲೀನೂ ಲೆಕ್ಕಕ್ಕಿಲ್ಲೇನು?" ಎಂದಳು. ಅದಕ್ಕೆ ಮಾವ ಅಳಿಯಂದಿರಿಬ್ಬರೂ ಉತ್ತರ ಕೊಡಲಿಲ್ಲ.

ಹುಡುಗ ಠಕ್ಕನಾದ. ಆ ವರ್ಗದವರು ತೊಡುವುದು ಚರ್ಮದ ಕವಚವಂತೆ. ಅಂಥವರಿಗೆ ಚರ್ಮ ಸುಲಿಯುವುದು, ಚರ್ಮದ ಕೆಲಸ, ಈ ಜೋಡಿ ಕಸುಬು ಒಳ್ಳೆಯದೆಂದು ಬಲ್ಲವರು ಹೇಳುತ್ತಾರಂತೆ. ಕೊಂದ ಪ್ರಾಣಿಯ ತೊಗಲು ಕೈಯಲ್ಲೇ ಇರುತ್ತದೆ, ಅದರಿಂದ ತನ್ನ ಕವಚವನ್ನು ತಾನೇ ಹೊಲಿದುಕೊಳ್ಳಬಹುದು. ವಿವೇಕದ ಮಾತೇ. ಸಂಜೆ ನನ್ನ ತಾಯಿ ದೀಪ ಹಚ್ಚಿ ಹೊರಗೆ ಬಂದು, ಆಗಿನಿಂದ ಏನು ಮಾಡುತ್ತಿದ್ದೀಯೆಂದು ಮೊಮ್ಮಗನನ್ನು ಕೇಳಿದಳು. ಅವನು ತಲೆಯೆತ್ತದೆ, "ಚರ್ಮ ಸುಲೀಲತ್ತೀನಿ, ಆಯಿ" ಎಂದ.

"ಶಿವಾ! ದೀಪ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತು!" ಎಂದು ತಾಯಿ ಒಳಗೆ ಹೋದಳು.

ಹುಡುಗನಿಗೆ ಆಕೆ ಏಕೆ ಬೆಚ್ಚಿದಳೆಂಬುದು ತಿಳಿಯಲಿಲ್ಲ. ನನಗೆ ತಿಳಿಯಿತು. ಅಂದಿನಿಂದ ಈ ವಿಷಯ ಮನಸ್ಸನ್ನು ಕೊರೆಯುತ್ತಿದೆ. ಬರೆಯುವುದಕ್ಕೂ ಅದೇ ಕಾರಣ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯವರಿಗೆಲ್ಲ ಚಪ್ಪಲಿ ಹೊಲಿದು ಕೊಡುವ ಹಿರಿಯರೊಬ್ಬರಿದ್ದರು. ಕಟ್ಟೆಯ ಮೇಲೆ ನನ್ನ ತಂದೆ ಕುಳಿತು ಕಾಲು ಚಾಚಿದರೆ, ಅವರು ಕೆಳಗೆ ಕುಕ್ಕರಗಾಲಲ್ಲಿ ಕುಳಿತು ದಾರದಿಂದ ಅಳತೆ ತೆಗೆದುಕೊಳ್ಳುತ್ತಿದ್ದರು. ರೊಕ್ಕದ ವ್ಯವಹಾರವಿರಲಿಲ್ಲ, ಸುಗ್ಗಿಯಲ್ಲಿ ಜೋಳ ಅಳೆದು ಕೊಡುತ್ತಿದ್ದೆವು. ಅದಕ್ಕೆ ಆಯ ಎಂದು ಹೆಸರು. ಅವರ ಮಗ ನನ್ನ ಸಹಪಾಠಿ. ಲೆಕ್ಕದಲ್ಲಿ ನನಗಿಂತ ಬಹಳ ಮುಂದು. ಮೆಟ್ಟಿಲವರೆಗೆ ಬಂದು ನನ್ನನ್ನು ಕೂಗಿ ಕರೆಯುತ್ತಿದ್ದ. ಅದರಿಂದ ಮೇಲೆ ಬಂದದ್ದನ್ನು ನಾನು ಕಂಡಿಲ್ಲ, ಬಾ ಎಂದು ಕರೆದದ್ದೂ ನೆನಪಿಲ್ಲ. ಈಗ ಅವನು ಬ್ಯಾಂಕಿನಲ್ಲಿ ಅಧಿಕಾರಿ. ತಂದೆಯ ಉಳಿಯನ್ನು ಅವನು ಕೈಯಲ್ಲಿ ಹಿಡಿಯಲಿಲ್ಲ.

ಕೆಲವು ವರ್ಷಗಳ ಹಿಂದೆ ಬಸವಜಯಂತಿಯ ದಿನ ಹುಮನಾಬಾದಿನ ಸಭೆಯೊಂದರಲ್ಲಿ ನಾನು ಕಾಯಕವನ್ನು ಕುರಿತು ಮಾತನಾಡಿದೆ. ನಮ್ಮ ಸೀಮೆಯಲ್ಲಿ ಕನ್ನಡ ಎಂ.ಎ. ಮಾಡಿದವನಿಗೆ ಇದು ತಪ್ಪದ ಸೇವೆ. ಯಾವ ಕೆಲಸವೂ ಮೇಲಲ್ಲ, ಯಾವುದೂ ಕೀಳಲ್ಲ ಎಂದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಇವರು ಕಸುಬನ್ನೇ ಹೆಸರಿಗೆ ಕಿರೀಟದಂತೆ ಇಟ್ಟುಕೊಂಡರೆಂದೆ. ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಈ ಗೆಳೆಯ ಹತ್ತಿರ ಬಂದು ಕೈ ಹಿಡಿದು ಹೇಳಿದ: "ಭಾಷಣ ಚಲೋ ಆಯ್ತು. ಒಂದ್ ಮಾತ್ ಕೇಳ್ತೀನಿ, ಸಿಟ್ ಮಾಡ್ಕೋಬ್ಯಾಡ. ನಮ್ಮಪ್ಪನ ಉಳಿ, ರಂಪಿಗಿ ಮನ್ಯಾಗ ಹಾಂಗೇ ಅವ. ನಿನ್ನ ಮಗನಿಗಿ ಕೊಡ್ಲೇನು?"

ನಾನು ನಕ್ಕೆ. ಅವನೂ ನಕ್ಕ. ಆದರೆ ಅವನು ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದದ್ದು ನನಗೆ ಗೊತ್ತು.

ಆ ಉತ್ತರವನ್ನು ಹುಡುಕುತ್ತ ನಾನು ಮತ್ತೆ ಮತ್ತೆ ಕಲ್ಯಾಣಕ್ಕೆ ಹೋಗಿದ್ದೇನೆ. ಇಂದಿನ ಬಸವಕಲ್ಯಾಣ ನಮಗೆ ದೂರದ್ದಲ್ಲ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿ ಹಿಡಿದು, ಹುಮನಾಬಾದು ದಾಟಿ, ಪಕ್ಕಕ್ಕೆ ಹೊರಳಿದರೆ ಆಯಿತು. 2012ರಲ್ಲಿ ನಿಲ್ಲಿಸಿದ 108 ಅಡಿಯ ಬಸವಣ್ಣನ ಮೂರ್ತಿ ಅಲ್ಲಿದೆ. ಮಾಚಿದೇವರ ಹೊಂಡ, ಅಕ್ಕನಾಗಮ್ಮನ ಗವಿ ಅಲ್ಲಿವೆ. ಆದರೆ ಯಾತ್ರಿಕರು ನೆನೆಯದ ಇನ್ನೊಂದು ಸಂಗತಿಯೂ ಆ ಊರಿನದೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರನು ಅಲ್ಲಿಯೇ ಮಿತಾಕ್ಷರಾ ಬರೆದ. ತಂದೆಯ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ಪ್ರಸಿದ್ಧ ಸಿದ್ಧಾಂತ. ಅದು ಎಷ್ಟು ಗಟ್ಟಿಯಾಗಿ ಬೇರುಬಿಟ್ಟಿತೆಂದರೆ ಬಹುಭಾಗ ಭಾರತದ ಹಿಂದೂ ಕುಟುಂಬಗಳು ಆಸ್ತಿಯನ್ನು ಶತಮಾನಗಳ ಕಾಲ ಅದರಂತೆಯೇ ಹಂಚಿಕೊಂಡವು. ಆ ಹುಟ್ಟಿನ ಹಕ್ಕಿನಲ್ಲಿ ಹೆಣ್ಣುಮಕ್ಕಳಿಗೂ ಪಾಲೆಂದು ದೇಶಕ್ಕೆಲ್ಲ ಅನ್ವಯಿಸುವ ಶಾಸನವಾದದ್ದು 2005ರಲ್ಲಿ. ವಿಜ್ಞಾನೇಶ್ವರನು ಹೇಳಿದ್ದು ಹೊಲ ಮನೆಗಳ ಮಾತು. ಆದರೆ ಹೊಲ ಮನೆಗಳಿಲ್ಲದ ಕಡೆ ಹುಟ್ಟಿನಿಂದ ಬರುತ್ತಿದ್ದುದು ಯಾವುದು? ಉಳಿ, ರಂಪಿಗೆ, ಮಗ್ಗ, ಹುಟ್ಟು. ಪಾಲು ಮಾಡಿಕೊಳ್ಳಲು ಜಗಳವಿಲ್ಲದ ಪಿತ್ರಾರ್ಜಿತ ಅದೊಂದೇ.

ಅದೇ ಊರಿನಲ್ಲಿ, ಅದೇ ಶತಮಾನದಲ್ಲಿ, ಶರಣರು ಬಂದರು. ಅವರ ಕಥೆಗಳಲ್ಲಿ ನಾವು ಅತ್ಯಂತ ಪ್ರೀತಿಯಿಂದ ಹೇಳುವುದು ಮೋಳಿಗೆಯ ಮಾರಯ್ಯನದು. ಕಾಶ್ಮೀರದ ಅರಸನಾಗಿದ್ದವನು ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿದನೆಂದು ಪ್ರತೀತಿ. ಹುಮನಾಬಾದಿನ ಬಳಿಯ ಮೊಳಕೇರಾದವರು ಅವನನ್ನು ತಮ್ಮ ಊರಿನವನೆಂದೇ ಹೇಳಿಕೊಳ್ಳುತ್ತಾರೆ. ಕಥೆ ಮನಸ್ಸನ್ನು ಕರಗಿಸುವುದು ನಿಜ. ಆದರೆ ಗೆಳೆಯನ ಪ್ರಶ್ನೆ ಕೇಳಿದ ಮೇಲೆ ಅದನ್ನು ತರಗತಿಯಲ್ಲಿ ಹೇಳುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಮಾರಯ್ಯನ ಹೊರೆಗೆ ಅಷ್ಟು ಬೆಲೆ ಬಂದದ್ದು ಅವನು ಸಿಂಹಾಸನದಿಂದ ಇಳಿದು ಬಂದದ್ದರಿಂದಲ್ಲವೆ? ಅವನ ಪಕ್ಕದಲ್ಲಿಯೇ, ಅಪ್ಪನ ಕಾಲದಿಂದಲೂ ಕಟ್ಟಿಗೆ ಮಾರುತ್ತಿದ್ದ ಇನ್ನೊಬ್ಬನಿದ್ದಿರಬೇಕು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಹೊರೆಯ ತೂಕ ಇಬ್ಬರಿಗೂ ಒಂದೇ. ಒಬ್ಬನು ಅದನ್ನು ಬೇಕೆಂದು ಎತ್ತಿಕೊಂಡ, ಇನ್ನೊಬ್ಬನ ತಲೆಯ ಮೇಲೆ ಅದು ಹುಟ್ಟುವಾಗಲೇ ಇತ್ತು. ನನ್ನ ಅಳಿಯನ ಚರ್ಮದ ಕೆಲಸಕ್ಕೂ ನನ್ನ ಗೆಳೆಯನ ತಂದೆಯ ಚರ್ಮದ ಕೆಲಸಕ್ಕೂ ಇರುವ ಅಂತರ ಇದೇ. ಬೇಡವಾದಾಗ ಕೆಳಗಿಡಬಹುದಾದ ಉಳಿ ಆಟದ ಸಾಮಾನಾಗುತ್ತದೆ. ಕೆಳಗಿಡಲು ಬಾರದ ಉಳಿಯನ್ನು, ಅದು ಶ್ರೇಷ್ಠವೆಂದು ಕಟ್ಟೆಯ ಮೇಲೆ ಕುಳಿತವನು ಹೊಗಳಿದರೆ, ಕೆಳಗೆ ಕುಳಿತವನಿಗೆ ಹೇಗೆ ಕೇಳಿಸೀತು?

ಅಂಬೇಡ್ಕರ್ ಅವರು 1936ರಲ್ಲಿ, ತಮಗೆ ಓದಲು ಅವಕಾಶ ಸಿಗದ ಲಾಹೋರಿನ ಭಾಷಣದಲ್ಲಿ, ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಜಾತಿಪದ್ಧತಿಯನ್ನು ಶ್ರಮದ ಹಂಚಿಕೆಯೆಂದು ಸಮರ್ಥಿಸುವವರು, ಅಲ್ಲಿ ಹಂಚಿಹೋಗಿರುವುದು ಮನುಷ್ಯರೇ ಎಂಬುದನ್ನು ಮರೆಯುತ್ತಾರೆ; ಆ ಹಂಚಿಕೆಯಲ್ಲಿ ಒಬ್ಬನ ಒಲವಿಗಾಗಲಿ ಆಯ್ಕೆಗಾಗಲಿ ಸ್ಥಳವೇ ಇಲ್ಲ ಎಂಬುದು ಅವರ ವಾದದ ತಿರುಳು. ಇದಕ್ಕೆ ಉತ್ತರ ಕೊಟ್ಟವರುಂಟು. ಆ ಉತ್ತರಗಳು ನನಗೆ ಸಮಾಧಾನ ತಂದಿಲ್ಲ.

ಹಾಗಾದರೆ ಶರಣರು ಸೋತರೆ? ಮಾಚಯ್ಯ ಮಡಿ ಮಾಡುತ್ತಲೇ ಉಳಿದ, ಚೌಡಯ್ಯ ದೋಣಿ ಬಿಡಲಿಲ್ಲ, ಹರಳಯ್ಯ ಚಪ್ಪಲಿ ಹೊಲಿಯುತ್ತಲೇ ಇದ್ದ. ಕಸುಬು ಬದಲಾಯಿಸಿದವರ ಸಂಖ್ಯೆ ಆ ಕಥೆಗಳಲ್ಲಿ ಹೆಚ್ಚಿಲ್ಲ. ಬಹುಕಾಲ ಇದು ನನಗೆ ಒಗಟಾಗಿತ್ತು. ಬಿಡಿಸಿದವನು, ನಂಬಿರಿ ಬಿಡಿರಿ, ಆ ಆಟದ ಹುಡುಗ. ನಾಲ್ಕನೆಯ ದಿನವೋ ಐದನೆಯ ದಿನವೋ ಅವನಿಗೆ ಚರ್ಮದ ಕೆಲಸ ಬೇಸರವಾಯಿತು. "ಪ್ರೊಫೆಷನ್ ಬದಲು ಮಾಡೋದು ಸಸಾರ ಮಾಮಾ, ಕ್ಲಾಸ್ ಬದಲು ಮಾಡ್ಲಾಕ ಆಗಂಗಿಲ್ಲ" ಎಂದ. ನಾನು ಓದುತ್ತಿದ್ದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡೆ. ಶರಣರು ಮಾಡಿದ್ದು ಇದರ ತಿರುಗುಮುರುಗು. ಕಸುಬನ್ನು ಹಾಗೆಯೇ ಇಟ್ಟುಕೊಂಡು ವರ್ಗವನ್ನು ಅಳಿಸಲು ಹೊರಟರು.

ಹರಳಯ್ಯನ ಕಥೆಯನ್ನು ಈ ಕಣ್ಣಿನಿಂದ ನೋಡಬೇಕು. ಬಸವಣ್ಣ ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದನೆಂದು, ಆ ಋಣ ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರೆಂದು ಜನ ಹೇಳುತ್ತಾರೆ. ಅದು ಪುರಾಣವಾಗಿರಬಹುದು. ಆದರೆ ಅವನು ಚಪ್ಪಲಿ ಹೊಲಿದದ್ದಕ್ಕೆ ಕಲ್ಯಾಣದಲ್ಲಿ ಯಾರೂ ಅಡ್ಡಿ ಮಾಡಲಿಲ್ಲ. ಎಷ್ಟು ಭಕ್ತಿಯಿಂದ ಹೊಲಿದರೂ ಯಾವ ಧರ್ಮಕ್ಕೂ ಧಕ್ಕೆಯಾಗಲಿಲ್ಲ. ಅವನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಮಾತ್ರ ನಗರ ಎದ್ದು ನಿಂತಿತು. ಬಿಜ್ಜಳನು ಬೀಗರಿಬ್ಬರನ್ನೂ ಕೊಲ್ಲಿಸಿದ; ಆಮೇಲೆ ಕಲ್ಯಾಣವೇ ಉಳಿಯಲಿಲ್ಲ. ಆ ದಂಪತಿಗಳಿಗೆ ಹುಟ್ಟುವ ಕೂಸು ಯಾವ ವರ್ಗಕ್ಕೆ ಸೇರಬೇಕಿತ್ತು? ನಗರ ಅಂಜಿದ್ದು ಆ ಕೂಸಿಗೆ ಎಂದು ನನಗನ್ನಿಸುತ್ತದೆ. ವಾರ್‌ಕ್ರಾಫ್ಟ್ ಆಟದಲ್ಲಿ ಮೊದಲು ಪಲಾಡಿನ್ ಎಂಬ ಧರ್ಮಯೋಧರ ವರ್ಗ ಒಂದು ಬಣದವರಿಗೆ ಮಾತ್ರ ಮೀಸಲಾಗಿತ್ತಂತೆ. 2007ರಲ್ಲಿ ಆಟ ಕಟ್ಟಿದವರು ಆ ಬೇಲಿಯನ್ನು ಕಿತ್ತರು. ಯಾರ ತಲೆಯೂ ಉರುಳಲಿಲ್ಲ. ಬೇಲಿ ಹಾಕಿದವರೇ ಕೀಳಲು ಒಪ್ಪಿದರೆ ಕೆಲಸ ಅಷ್ಟು ಹಗುರ.

ನಾವೀಗ ಕಸುಬನ್ನು ಧಾರಾಳವಾಗಿ ಬದಲಾಯಿಸುತ್ತೇವೆ. ಚಪ್ಪಲಿ ಹೊಲಿಯುವವರ ಮಗ ಬ್ಯಾಂಕಿಗೆ ಹೋದ, ಒಕ್ಕಲುತನದವನ ಮಗನಾದ ನಾನು ಕಾಲೇಜಿಗೆ ಹೋದೆ. ಇದು ಸಣ್ಣ ಮಾತಲ್ಲ. ಆದರೆ ಗೆಳೆಯ ಒಮ್ಮೆ ಹೇಳಿದ್ದುಂಟು: ವರ್ಗವಾಗಿ ಹೊಸ ಊರಿಗೆ ಹೋದಾಗಲೆಲ್ಲ, ಬಾಡಿಗೆ ಮನೆಯ ಯಜಮಾನರು ಅವನ ಹುದ್ದೆ ಕೇಳಿ ಕುರ್ಚಿ ಕೊಡುತ್ತಾರೆ, ಆಮೇಲೆ ಪೂರ್ತಿ ಹೆಸರು ಕೇಳುತ್ತಾರೆ, ಆಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಾರೆ. ಅವನು ಇಪ್ಪತ್ತು ವರ್ಷ ದುಡಿದು ಬದಲಾಯಿಸಿಕೊಂಡದ್ದು ಆ ಮೊದಲ ಪ್ರಶ್ನೆಯ ಉತ್ತರವನ್ನು ಮಾತ್ರ.

ಅವನ ಆ ದಿನದ ಪ್ರಶ್ನೆಗೆ ನಾನು ಕೊಡಬಹುದಾಗಿದ್ದ ಉತ್ತರ ಈಗ ಹೊಳೆಯುತ್ತದೆ. ಉಳಿಯನ್ನು ನನ್ನ ಮಗ ತೆಗೆದುಕೊಳ್ಳಲಿ ಬಿಡಲಿ, ಅದು ಅವನ ಇಷ್ಟ; ಆದರೆ ಅಂದು ನಾನು, "ಮನಿಗಿ ಬಾ, ಕೂತು ಮಾತಾಡಮು" ಎನ್ನಬೇಕಾಗಿತ್ತು. ಸಭೆಯ ಗದ್ದಲದಲ್ಲಿ ಅದು ತೋಚಲಿಲ್ಲ. ಈ ರಜೆಯಲ್ಲಿ ಕರೆದೆ. ಬಂದ. ಮೆಟ್ಟಿಲ ಬಳಿ ಅರೆಕ್ಷಣ ನಿಂತ. ಅಭ್ಯಾಸವೋ, ಅಥವಾ ನನಗೆ ಹಾಗೆ ಕಂಡಿತೋ. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದ. ನನ್ನ ತಾಯಿ ಒಳಗಿನಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಮಾಡಿದಳು, ಆದರೆ ಬಂದಳು. ಅವನ ತಂದೆ ಹೊಲಿದ ಜೋಡು ಎರಡು ಮಳೆಗಾಲ ಬಾಳುತ್ತಿತ್ತೆಂದು ಹೇಳಿದಳು. ಅವನು "ಹೌದ್ರಿ" ಎಂದ. ಅವನಿಗೆ ಅದು ಸಂತೋಷವೋ ನೋವೋ ನನಗೆ ಗೊತ್ತಾಗಲಿಲ್ಲ.

ಫಲಿತಾಂಶ ಬಂತು. ಹುಡುಗ ಪಿಯುಸಿಯ ಅರ್ಜಿ ತಂದು ನನ್ನ ಮುಂದೆ ಕುಳಿತ. ಹೆಸರು, ತಂದೆಯ ಹೆಸರು, ಜಾತಿ, ಪ್ರವರ್ಗ ಎಂಬಲ್ಲೆಲ್ಲ ಪ್ರಮಾಣಪತ್ರ ನೋಡಿಕೊಂಡು ಪೆನ್ನಿನಿಂದ ಸರಸರನೆ ತುಂಬಿದ. ವಿಭಾಗ ಎಂಬಲ್ಲಿಗೆ ಬಂದಾಗ ಕೈ ನಿಂತಿತು: ವಿಜ್ಞಾನ, ವಾಣಿಜ್ಯ, ಕಲೆ. ಅವರಪ್ಪನಿಗೆ ವಿಜ್ಞಾನವೇ ಆಗಬೇಕೆಂಬ ಹಟ. ನಾನು ಏನಾದರೂ ಹೇಳಿಯೇನೆಂದು ನನ್ನ ಮುಖ ನೋಡಿದ. ಈ ಸಾರಿ ನಾನು ಕನ್ನಡಕ ತೆಗೆಯಲಿಲ್ಲ. ಅವನು ಪೆನ್ನು ಬಿಟ್ಟು ಪೆನ್ಸಿಲು ತೆಗೆದುಕೊಂಡು, ಸಣ್ಣ ಅಕ್ಷರದಲ್ಲಿ ಏನೋ ಬರೆದ. ಪೆನ್ಸಿಲಿನಲ್ಲಿ ಬರೆದರೆ ಕಾಲೇಜಿನವರು ತೆಗೆದುಕೊಳ್ಳುವುದಿಲ್ಲವೆಂದೆ.

"ಗೊತ್ತದ ಮಾಮಾ. ನಾಳಿ ತನಕ ಇರ್ಲಿ" ಎಂದ.