ಅಸುರನ ಗುರುತು

ಜನಾಂಗಗಳು ತಮ್ಮ ಭೀತಿಗೆ ಆಕಾರ ಕೊಟ್ಟು ಅಸುರರನ್ನು ಕಲ್ಪಿಸಿಕೊಂಡವೆಂದು ಆಧುನಿಕ ವಿದ್ವಾಂಸರು ಹೇಳುವುದುಂಟು. ಭೀತಿಯೊಂದೇ ಮೂಲವಾಗಿದ್ದರೆ ಅಸುರನು ಅಪರಿಚಿತನಾಗಿ, ಸಪ್ತಸಾಗರಗಳಾಚೆ ಹುಟ್ಟಬೇಕಿತ್ತು. ಶ್ರೀಮದ್ಭಾಗವತದ ಹಿರಣ್ಯಕಶಿಪುವಾದರೋ ದೇವತೆಗಳ ತಂದೆಯಾದ ಕಶ್ಯಪರಿಗೇ ಮಗನು. ಸಂಧ್ಯಾಕಾಲದಲ್ಲಿ ದಿತಿಯ ಹಠದಿಂದ ಗರ್ಭಸ್ಥನಾದವನು. ಸಹೋದರನು ಹತನಾದಾಗ ತಾಯಿಗೆ ಆತ್ಮತತ್ತ್ವವನ್ನೇ ಬೋಧಿಸಿದನು. ಬಳಿಕ ಮಂದರದ ಕಣಿವೆಯಲ್ಲಿ ಮೈಮೇಲೆ ಹುತ್ತ ಬೆಳೆಯುವಷ್ಟು ತಪಸ್ಸು ಮಾಡಿದನು. ಕುಲ, ವಿದ್ಯೆ, ತಪಸ್ಸು, ಹೀಗೆ ನಾವು ಮಕ್ಕಳಿಗೆ ಹಾರೈಸುವುದೆಲ್ಲವೂ ಅವನಲ್ಲಿತ್ತು. ತನಗೊಬ್ಬ ಒಡೆಯನುಂಟೆಂಬ ಅರಿವೊಂದಿರಲಿಲ್ಲ. ಕೋರೆದಾಡೆಯ ವರ್ಣನೆಯೂ ಉಂಟು, ನಿಜ; ಅದಕ್ಕಿಂತ ಘೋರವಾದ ದಾಡೆಗಳು ಶ್ರೀನೃಸಿಂಹನವು! ಬ್ರಹ್ಮಾದಿಗಳೂ ಸಮೀಪಿಸಲಾರದ ಆ ರೂಪದೆದುರು 5 ವರ್ಷದ ಪ್ರಹ್ಲಾದರಾಜರು ಕೈಮುಗಿದು, ತಾವು ಅಂಜುವುದು ಆ ಮುಖಕ್ಕಲ್ಲ, ಉಗ್ರವಾದ ಸಂಸಾರಚಕ್ರಕ್ಕೆಂದು ವಿಜ್ಞಾಪಿಸಿದರು.