ಟೆರಿ ಫಾಕ್ಸ್ ಕೇಳಿದ ಒಂದು ಡಾಲರ್

ಕೆನಡಾದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಸೆಪ್ಟೆಂಬರ್ ಬಂತೆಂದರೆ ಟೆರಿ ಫಾಕ್ಸ್ ಹೆಸರು ಬಂದೇ ಬರುತ್ತದೆ. ಶಾಲೆಯ ಚೀಟಿ, ಜೊತೆಗೆ ಮಗುವಿನ ಒತ್ತಾಯ: ಅವನ ಹೆಸರಿನ ಓಟದ ದಿನ ಎರಡು ಡಾಲರಿನ ಟೂನಿ ನಾಣ್ಯ ಕೊಡಲೇಬೇಕು. ನಮ್ಮಲ್ಲಿ ಅನೇಕರಿಗೆ ಈ ಹುಡುಗನ ಕಥೆ ಗೊತ್ತಾದದ್ದು ಹೀಗೆ, ಮಕ್ಕಳ ಬಾಯಿಂದ.

1977ರಲ್ಲಿ, ಹದಿನೆಂಟರ ವಯಸ್ಸಿಗೆ, ಮೂಳೆಯ ಕ್ಯಾನ್ಸರಿನಿಂದಾಗಿ ಅವನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಬದುಕುವ ಸಾಧ್ಯತೆ ಶೇಕಡಾ 50 ಎಂದ ವೈದ್ಯರು, ಎರಡು ವರ್ಷ ಮೊದಲಾಗಿದ್ದರೆ ಅದು 15 ಮಾತ್ರ ಇರುತ್ತಿತ್ತು ಎಂದೂ ಹೇಳಿದರು. ಆ ವ್ಯತ್ಯಾಸ ತಂದದ್ದು ಸಂಶೋಧನೆ. ಸಂಶೋಧನೆಗೆ ಹಣ ಬೇಕು. ಟೆರಿಗೆ ಇಷ್ಟು ಸಾಕಾಯಿತು.

1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿನಲ್ಲಿ ಅದ್ದಿ, ಆ ಹಣ ಕೂಡಿಸಲು ಓಡುತ್ತಾ ಹೊರಟ. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ದಿನಾ ಒಂದು ಮ್ಯಾರಥಾನ್. ಆ ಕಾಲದ ಕೃತಕ ಕಾಲು ನಡೆಯುವುದಕ್ಕೆ ಮಾಡಿದ್ದು, ಓಡುವುದಕ್ಕಲ್ಲ. ಅದು ಮುಂದಿನ ಹೆಜ್ಜೆಗೆ ಸಿದ್ಧವಾಗುವಷ್ಟರಲ್ಲಿ ಅವನು ಎಡಗಾಲಿನಲ್ಲಿ ಎರಡು ಸಲ ಕುಪ್ಪಳಿಸಬೇಕಿತ್ತು. ಹಳೆಯ ಚಿತ್ರಗಳಲ್ಲಿ ನೋಡಿ, ಆ ಕುಂಟುಗತಿಯೇ ಅವನ ಓಟ. ತುಂಡುಕಾಲಿನಿಂದ ರಕ್ತ ಸೋರಿದರೂ ಓಡಿದ. 143 ದಿನ, 5,373 ಕಿಲೋಮೀಟರ್ ಆದಮೇಲೆ ಸೆಪ್ಟೆಂಬರ್ 1ರಂದು, ಥಂಡರ್ ಬೇ ಹತ್ತಿರ ನಿಲ್ಲಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶ ಹೊಕ್ಕಿತ್ತು. ಅವನು ಕೇಳಿದ್ದು ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್. ಮುಂದಿನ ಫೆಬ್ರವರಿಯ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟಿತ್ತು. ದೇಶದ ಜನಸಂಖ್ಯೆಯೂ ಆಗ ಸರಿಸುಮಾರು ಅಷ್ಟೇ. 1981ರ ಜೂನ್ 28ರಂದು, ಇಪ್ಪತ್ತೆರಡರ ಪ್ರಾಯದಲ್ಲಿ, ಟೆರಿ ತೀರಿಕೊಂಡ.

ಒಬ್ಬ ಓಡಿದರೆ ಇನ್ನೊಬ್ಬ ಹಣ ಏಕೆ ಕೊಡಬೇಕು? ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವವರಿಗೆ ದಾರಿಯ ಊರಿನವರು ಕರೆದು ಮಜ್ಜಿಗೆ ಕೊಡುತ್ತಾರಲ್ಲ, ಅದೇ ಕಾರಣಕ್ಕೆ. ಮೈ ದಣಿಸಿಕೊಂಡವರ ಎದುರು ಯಾರ ಮನಸ್ಸೂ ಬಿಗಿಯಾಗಿ ಉಳಿಯುವುದಿಲ್ಲ.

ಆದರೂ ಕೇಳುವುದು ನಮಗೆ ಕಷ್ಟ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಎಂದು ಕಲಿತು ಬೆಳೆದವರು ನಾವು. ಇನ್ನೊಬ್ಬರ ಬಾಗಿಲಿಗೆ ನಾವೇ ಹೋಗುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ನೂರು ಡಾಲರ್ ನಾವೇ ಹಾಕಿ ಸುಮ್ಮನಾಗುವುದು ಸುಲಭ. ಆದರೆ ಹತ್ತು ಮನೆಗೆ ಹೋಗಿ ಹತ್ತತ್ತು ಕೇಳಿದಾಗ ದುಡ್ಡಿನ ಜೊತೆ ಬೇರೇನೋ ಬರುತ್ತದೆ. ಗಣೇಶನ ಹಬ್ಬದ ಊಟದ ಸಾಲಿನಲ್ಲಿ ನಾನು ಟೆರಿಯ ಓಟಕ್ಕಾಗಿ ದೇಣಿಗೆಯ ಹಾಳೆ ಹಿಡಿದು ನಿಂತಿದ್ದಾಗ, ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಪೆನ್ನು ಈಸಿಕೊಂಡು, 'ನಮ್ ಯಜಮಾನ್ರಿಗೂ ಇದೇ ಆಗಿತ್ತಪ್ಪ. ಊರಾಗ ಯಾರಿಗೂ ಹೇಳಿರ್ಲಿಲ್ಲ' ಎಂದರು. ಪಕ್ಕದಲ್ಲಿದ್ದ ಮಗಳಿಗೂ ಅವರು ಆವರೆಗೆ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಕ್ಯಾನ್ಸರನ್ನು ಮನೆಯೊಳಗೇ ಮುಚ್ಚಿಡುವ ನಮ್ಮ ಜನರ ನಡುವೆ ಇಂಥ ಮಾತು ಹೊರಬರುವುದೇ ದೊಡ್ಡದು ಎಂದು ನಾನು ನಂಬಿದ್ದೇನೆ.

ಟೆರಿ ಹೆಸರಿನ ಓಟದಲ್ಲಿ ಗೆದ್ದವರು, ಸೋತವರು ಇಲ್ಲ, ಬಹುಮಾನವೂ ಇಲ್ಲ. ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬರಬಹುದು. ಈ ಸೆಪ್ಟೆಂಬರಿನಲ್ಲಿ ನಮ್ಮ ಸಂಘದಿಂದಲೂ ಒಂದು ತಂಡ ಹೋಗಲಿ. ಹೆಸರು ಕೊಡುವವರು ಹಾಳೆಯನ್ನೂ ಒಯ್ಯಿರಿ. ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ.