ಆಕಾಶಯಾನದಲ್ಲಿ ಅನಸ್ತಮಿತ ವ್ರತ

ಕೆಲವು ವರ್ಷಗಳ ಹಿಂದೆ ರಾಜಾಜಿನಗರದ ನಮ್ಮ ನೆರೆಯ ಶ್ರಾವಿಕೆಯೊಬ್ಬರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗನ ಮನೆಗೆ ಹೊರಡುವ ಮುನ್ನ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರದು 40 ವರ್ಷಗಳ ಅನಸ್ತಮಿತ ವ್ರತ. “ಹಿಂದಿರುಗುವಾಗ ವಿಮಾನದ ಕಿಟಕಿಯ ಹೊರಗೆ ಕತ್ತಲೆ, ಕೈಗಡಿಯಾರದಲ್ಲಿ ನಮ್ಮೂರಿನ ಮಧ್ಯಾಹ್ನ. ಯಾವುದನ್ನು ನಂಬಿ ಉಣ್ಣಲಿ?” ಜೀವಮಾನವೆಲ್ಲ ಪಾಠ ಹೇಳಿದ ನನಗೆ ಆ ಕ್ಷಣ ಉತ್ತರ ತೋಚಲಿಲ್ಲ.

ಪ್ರಶ್ನೆ ಕಲ್ಪಿತವಾದುದಲ್ಲ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ನೇತೃತ್ವದ ಮಹಿಳಾ ಚಾಲಕರ ಕೈಯಲ್ಲಿ, ಉತ್ತರ ಧ್ರುವದ ಮೇಲೆ ಹಾಯ್ದು, ಎಲ್ಲಿಯೂ ತಂಗದೆ, 11ರ ಬೆಳಗಿನ ಜಾವ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಎರಡು ನಿಲ್ದಾಣಗಳ ನೇರ ಅಂತರ ಸುಮಾರು 14,000 ಕಿಲೋಮೀಟರ್. ನಿಗದಿಯಾದ ಕಾಲ 17 ಗಂಟೆಗೂ ಮಿಗಿಲು. ಚಳಿಗಾಲದಲ್ಲಿ ಆ ಊರಿನ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ 5 ಗಂಟೆಯ ಸುಮಾರಿಗೆ ಸೂರ್ಯನು ಮುಳುಗಿದಾಗ ಇಲ್ಲಿ ಮರುದಿನದ ಬೆಳಗು. ಜನವರಿಯಲ್ಲಿ ಧ್ರುವಪ್ರದೇಶಕ್ಕೆ ಸೂರ್ಯೋದಯವೇ ಇಲ್ಲ. ಆದುದರಿಂದ ಆ ಪ್ರಯಾಣಿಕರಿಗೆ ಅಲ್ಲಿನ ಅಸ್ತದಿಂದ ಇಲ್ಲಿನ ಉದಯದವರೆಗೆ ಸುಮಾರು 24 ಗಂಟೆಗಳ ಒಂದೇ ರಾತ್ರಿ. ಬೆಂಗಳೂರಿನಲ್ಲಿದ್ದವರಿಗಾದರೋ ಅದೇ ಅವಧಿಯಲ್ಲಿ ಒಂದು ಪೂರ್ಣ ಹಗಲು ಕಳೆದಿತ್ತು.

ಹಾಗಾದರೆ ಗಡಿಯಾರವನ್ನು ನಂಬಿ ಉಣ್ಣಬಹುದೆ? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನ ತ್ಯಾಗವನ್ನು ಅಹಿಂಸೆಯ ಅಂಗವಾಗಿಯೇ ವಿಚಾರಿಸುತ್ತಾರೆ. ದೀಪದ ಬೆಳಕಿದ್ದರೂ ದೋಷ ತಪ್ಪದೆಂಬುದು ಅವರ ಮತ. ಊರಿನ ಹಗಲು ಊರಿನಲ್ಲಿದೆ. ಕೈಯಲ್ಲಿರುವ ತುತ್ತು ಕತ್ತಲೆಯಲ್ಲಿದೆ. ಹಾಗೆಂದು ಕಿಟಕಿಯ ಸೂರ್ಯನೊಬ್ಬನೇ ಪ್ರಮಾಣವೆ? ಜೂನ್ ತಿಂಗಳಲ್ಲಿ ಧ್ರುವದ ಮೇಲೆ ಸೂರ್ಯನು ಮುಳುಗುವುದೇ ಇಲ್ಲ. ಆಗ ಬೇಕಾದಷ್ಟು ಸಲ ಉಣ್ಣಬಹುದೆಂದರೆ ರಾಗನಿಗ್ರಹಕ್ಕೆ ಎಡೆಯೆಲ್ಲಿ?

ತತ್ತ್ವಾರ್ಥಸೂತ್ರವು ದಿಗ್ವ್ರತದ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯನ್ನು ಎಣಿಸುತ್ತದೆ. ಒಪ್ಪಿಕೊಂಡ ಮೇರೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದೇ ಅದು. ಜನವರಿಯಲ್ಲಿ ಗಡಿಯಾರವನ್ನೂ ಜೂನ್‌ನಲ್ಲಿ ಸೂರ್ಯನನ್ನೂ ಆರಿಸಿಕೊಳ್ಳುವವನು ಕಾಲದ ಮೇರೆಯನ್ನು ಹಾಗೆಯೇ ಹಿಗ್ಗಿಸುತ್ತಾನೆ. ಎರಡು ಅಳತೆಗಳು ಬೇರೆಬೇರೆಯಾದಾಗ ತನಗೆ ಕಡಿಮೆ ಕೊಡುವುದನ್ನು ಹಿಡಿಯುವುದು ವ್ರತಿಗೆ ಉಚಿತ. ಅದನ್ನು ಹೊರಡುವ ಮುನ್ನವೇ ನಿಶ್ಚಯಿಸಬೇಕು. ತಟ್ಟೆ ಎದುರಿಗೆ ಬಂದ ಮೇಲಲ್ಲ.

ಆದರೆ ತ್ಯಾಗವು ಶಕ್ತಿಗನುಸಾರವಾಗಿರಬೇಕು. ರೋಗಿಗಳೂ ವೃದ್ಧರೂ ಗುರುಗಳಲ್ಲಿ ಮೊದಲೇ ನಿವೇದಿಸಿ ನೀರು, ಔಷಧಗಳನ್ನು ಮೇರೆಯೊಳಗೆ ಇರಿಸಿಕೊಳ್ಳಲಿ. ಇಲ್ಲವೆ ಪ್ರಯಾಣವನ್ನು ನಡುವೆ ನಿಲ್ಲಿಸಿ, ಹಗಲಿರುವ ಊರಿನಲ್ಲಿ ಇಳಿದು ಉಣ್ಣಲಿ. ಬಳಲಿ ಬೀಳುವುದು ವ್ರತದ ಗುರಿಯಲ್ಲ.

ಎರಡು ದಿನ ಯೋಚಿಸಿ ಆ ತಾಯಿಗೆ ಇಷ್ಟನ್ನೇ ಹೇಳಿದೆ. ಅವರು ನೀರನ್ನು ಮಾತ್ರ ಇರಿಸಿಕೊಂಡು ಉಳಿದುದನ್ನು ತ್ಯಜಿಸಿ ಬಂದರು. “ಹಸಿವು ಅಷ್ಟೇನೂ ಕಾಡಲಿಲ್ಲ ಮೇಷ್ಟ್ರೇ, ಗಡಿಯಾರ ನೋಡದೆ ಇರುವುದೇ ಕಷ್ಟವಾಯಿತು” ಎಂದರು. ನನಗೆ ನಾಚಿಕೆಯಾಯಿತು. ನಾನು ಎಷ್ಟೋ ವರ್ಷಗಳಿಂದ ಗೋಡೆಯ ಗಡಿಯಾರವನ್ನು ನೋಡಿಯೇ ಸಂಜೆಯ ಊಟ ಮುಗಿಸುತ್ತಿದ್ದೆ. ಈಗ ಮೊದಲು ಮಹಡಿಗೆ ಹೋಗಿ ಪಶ್ಚಿಮವನ್ನು ನೋಡಿ ಬರುತ್ತೇನೆ.